80 ರೂಪಾಯಿ ಸಂಬಳ, ಭಾನುವಾರದ ಸಿನಿಮಾ

1943ರ ಏಪ್ರಿಲ್ ತಿಂಗಳು. ಕಲ್ಕತ್ತೆಯ ಡಿ.ಜೆ. ಕೀಮರ್ ಎಂಬ ಬ್ರಿಟಿಷ್ ಜಾಹೀರಾತು ಕಂಪನಿಗೆ ಇನ್ನೂ 22 ತುಂಬದ ಹುಡುಗನೊಬ್ಬ ಕೆಲಸಕ್ಕೆ ಸೇರಿದ. ಹುದ್ದೆ ಜೂನಿಯರ್ ವಿಶುವಲೈಸರ್. ಅಂದರೆ ಜಾಹೀರಾತಿನ ಚಿತ್ರ, ಅಕ್ಷರ, ವಿನ್ಯಾಸ ಹೇಗಿರಬೇಕು ಎಂದು ಬರೆದು ತೋರಿಸುವ ಕೆಲಸ. ಸಂಬಳ ತಿಂಗಳಿಗೆ 80 ರೂಪಾಯಿ. ಆತನ ಬಳಿ ಪ್ರೆಸಿಡೆನ್ಸಿ ಕಾಲೇಜಿನ ಅರ್ಥಶಾಸ್ತ್ರದ ಡಿಗ್ರಿ ಇತ್ತು. ಆದರೆ ಆ ವಿಷಯ ಅವನಿಗೆ ಹಿಡಿಸಿರಲಿಲ್ಲ. ಚಿತ್ರಕಲೆ ಕಲಿಯಲು ಶಾಂತಿನಿಕೇತನಕ್ಕೆ ಹೋಗಿ, ಅಲ್ಲಿಯ ಕೋರ್ಸ್ ಮುಗಿಸದೆ ವಾಪಸ್ ಬಂದಿದ್ದ. ಇವತ್ತಿನ ಇಂಟರ್‌ವ್ಯೂನಲ್ಲಿ ಇಂಥ ರೆಸ್ಯೂಮೆ ಇಟ್ಟರೆ ಎದುರಿಗೆ ಕುಳಿತವರು ಹುಬ್ಬೇರಿಸುವುದು ಖಂಡಿತ.

ಆ ಹುಡುಗನೇ ಸತ್ಯಜಿತ್ ರೇ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನನ್ನಂಥವರಿಗೆಲ್ಲ ರೇ ಎಂದರೆ ಒಂದು ಅಂಕದ ಪ್ರಶ್ನೆ. 1992ರಲ್ಲಿ ಗೌರವ ಆಸ್ಕರ್, ಅದೇ ವರ್ಷ ಭಾರತರತ್ನ, ಮೊದಲ ಚಿತ್ರ 'ಪಥೇರ್ ಪಾಂಚಾಲಿ', ಬಿಡುಗಡೆ 1955. ಇಷ್ಟು ಬಾಯಿಪಾಠ ಮಾಡಿಕೊಂಡರೆ ಸಾಕು. ಆದರೆ ಆ 80 ರೂಪಾಯಿಗೂ 1955ಕ್ಕೂ ನಡುವೆ 12 ವರ್ಷಗಳಿವೆ. ಅವುಗಳ ಬಗ್ಗೆ ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ. ಡಿಗ್ರಿ ಮುಗಿಸಿ ಮೂರು ವರ್ಷವಾದ, ಹಗಲು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತ ರಾತ್ರಿ ಓದುವ ನನಗೆ ಆ 12 ವರ್ಷಗಳೇ ಹೆಚ್ಚು ಬೇಕಾದವು ಅನ್ನಿಸಿದವು. ಅದಕ್ಕೇ ಈ ಬರಹ.

ರೇ ಹುಟ್ಟಿದ್ದು 1921ರ ಮೇ 2ರಂದು. ಮನೆತನ ದೊಡ್ಡದು. ತಾತ ಉಪೇಂದ್ರಕಿಶೋರ್ ಲೇಖಕರು, ಚಿತ್ರಕಾರರು, ಮುದ್ರಣದಲ್ಲಿ ಹೊಸ ಪ್ರಯೋಗ ಮಾಡಿದವರು. ಮಕ್ಕಳಿಗಾಗಿ 'ಸಂದೇಶ್' ಎಂಬ ಪತ್ರಿಕೆ ಶುರು ಮಾಡಿದ್ದರು. ತಂದೆ ಸುಕುಮಾರ್ ರೇ ಬಂಗಾಳಿ ಮಕ್ಕಳೆಲ್ಲ ಇಂದಿಗೂ ಓದಿ ನಗುವ ಪದ್ಯಗಳನ್ನು ಬರೆದವರು. ಆದರೆ ಕಾಲಾ ಅಜಾರ್ ಎಂಬ ಜ್ವರ 1923ರಲ್ಲಿ ಅವರನ್ನು ಕೊಂಡೊಯ್ದಿತು. ಮಗನಿಗೆ ಆಗ ಎರಡೂವರೆ ವರ್ಷ ಕೂಡ ತುಂಬಿರಲಿಲ್ಲ. ಕೆಲವೇ ವರ್ಷಗಳಲ್ಲಿ ಮನೆಯ ಮುದ್ರಣಾಲಯವೂ ಸಾಲದಲ್ಲಿ ಮುಳುಗಿತು. ಸ್ವಂತ ಮನೆ ಹೋಯಿತು.

ತಾಯಿ ಸುಪ್ರಭಾ ಮಗನ ಕೈಹಿಡಿದು ತಮ್ಮ ಅಣ್ಣತಮ್ಮಂದಿರ ಮನೆ ಸೇರಿದರು. ವಿಧವೆಯರ ಒಂದು ಸಂಸ್ಥೆಯಲ್ಲಿ ಹೊಲಿಗೆ, ಕಸೂತಿ ಹೇಳಿಕೊಡುತ್ತ ಮಗನನ್ನು ಓದಿಸಿದರು. ಮಗ ಶಾಂತಿನಿಕೇತನಕ್ಕೆ ಹೋಗಬೇಕು ಎಂಬುದೂ ತಾಯಿಯ ಆಸೆಯೇ. ಅಲ್ಲಿ ನಂದಲಾಲ್ ಬೋಸ್, ವಿನೋದ್ ಬಿಹಾರಿ ಮುಖರ್ಜಿ ಅವರಂಥ ಗುರುಗಳು ಸಿಕ್ಕರು. ನಗರದ ಹುಡುಗ ಮೊದಲ ಬಾರಿ ಹಳ್ಳಿಯನ್ನು ಕಣ್ಣಿಟ್ಟು ನೋಡಿದ್ದು ಅಲ್ಲೇ.

ಇಲ್ಲಿ ನಾನು ಸ್ವಲ್ಪ ಹೊತ್ತು ನಿಂತೆ. ನಮ್ಮ ಮನೆಯಲ್ಲೂ ಹೊಲಿಗೆ ಮಿಷನ್ನಿನ ಸದ್ದೇ ನನ್ನ ಕಾಲೇಜು ಫೀಸು ಕಟ್ಟಿದ್ದು. ಪಿಯುಸಿ ಮುಗಿದ ಮೇಲೆ ನಮ್ಮಕ್ಕ ಓದು ನಿಲ್ಲಿಸಿ ಬ್ಲೌಸ್ ಹೊಲಿಯಲು ಕೂತಳು. ನಾನು ಮುಂದೆ ಓದಿದೆ. ದೊಡ್ಡವರ ಜೀವನಚರಿತ್ರೆಗಳಲ್ಲಿ ಇಂಥ ಹೊಲಿಗೆಯ ಕೈಗಳಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ರೇ ಅವರ ಕಥೆಯಲ್ಲಿ ಆ ಸಾಲನ್ನು ನಾನು ಎರಡು ಸಲ ಓದಿದೆ.

ಕಂಪನಿ ಕೆಲಸದ ಜೊತೆಗೆ ರೇ ಸಿಗ್ನೆಟ್ ಪ್ರೆಸ್ ಎಂಬ ಪ್ರಕಾಶನಕ್ಕೆ ಪುಸ್ತಕಗಳ ಮುಖಪುಟ ಬರೆದುಕೊಡುತ್ತಿದ್ದರು. ಹೀಗೆ ಒಂದು ದಿನ ಕೈಗೆ ಬಂದದ್ದು ವಿಭೂತಿಭೂಷಣ ಬಂದೋಪಾಧ್ಯಾಯರ 'ಪಥೇರ್ ಪಾಂಚಾಲಿ' ಕಾದಂಬರಿಯ ಮಕ್ಕಳ ಆವೃತ್ತಿ. ಅದಕ್ಕೆ ಚಿತ್ರ ಬಿಡಿಸುತ್ತ ಬಿಡಿಸುತ್ತ ಇದು ಸಿನಿಮಾ ಆಗಬಹುದಲ್ಲ ಎಂಬ ಯೋಚನೆ ಹುಟ್ಟಿತು. ಬಡ ಪುರೋಹಿತ ಹರಿಹರ, ಅವನ ಹೆಂಡತಿ ಸರ್ಬಜಯಾ, ಮಗಳು ದುರ್ಗಾ, ಮಗ ಅಪು, ಜೊತೆಗೊಬ್ಬಳು ಹಣ್ಣು ಮುದುಕಿ. ಇಷ್ಟೇ ಕಥೆ. ಆಗಿನ್ನೂ ರೇ ಅವರಿಗೆ 25 ಆಗಿರಲಿಲ್ಲ. ಆ ಯೋಚನೆ ತೆರೆಗೆ ಬರುವ ಹೊತ್ತಿಗೆ ಅವರಿಗೆ 34.

ನಡುವಿನ ಕಾಲದಲ್ಲಿ ಅವರು ಏನು ಮಾಡುತ್ತಿದ್ದರು? ಕಲಿಯುತ್ತಿದ್ದರು. ಸಿನಿಮಾ ಹೇಳಿಕೊಡುವ ಶಾಲೆಗಳು ಇಲ್ಲಿ ಆಗ ಇರಲಿಲ್ಲ. 1947ರಲ್ಲಿ ಚಿದಾನಂದ ದಾಸ್‌ಗುಪ್ತ ಮೊದಲಾದ ಗೆಳೆಯರೊಂದಿಗೆ ಸೇರಿ ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದರು. ಹೊರದೇಶದ ಚಿತ್ರಗಳನ್ನು ತರಿಸಿ ನೋಡಿದರು, ಚರ್ಚಿಸಿದರು. ಯಾವುದಾದರೂ ಕಥೆ ಸಿನಿಮಾ ಆಗಲಿದೆ ಎಂದು ಗೊತ್ತಾದರೆ ಅದಕ್ಕೆ ತಾವೇ ಒಂದು ಚಿತ್ರಕಥೆ ಬರೆದಿಡುತ್ತಿದ್ದರು. ಸಿನಿಮಾ ಬಂದ ಮೇಲೆ ಅದರ ಜೊತೆ ತಮ್ಮದನ್ನು ಹೋಲಿಸಿ ನೋಡುತ್ತಿದ್ದರು. ನಾವು ಮಾಕ್ ಟೆಸ್ಟ್ ಬರೆದು ಕೀ ಆನ್ಸರ್ ನೋಡುತ್ತೇವಲ್ಲ, ಹಾಗೆಯೇ. ಅಂಕ ಕೊಡುವವರು ಯಾರೂ ಇರಲಿಲ್ಲ, ಅಷ್ಟೇ ವ್ಯತ್ಯಾಸ.

1949ರಲ್ಲಿ ಫ್ರಾನ್ಸಿನ ದೊಡ್ಡ ನಿರ್ದೇಶಕ ಜಾನ್ ರೆನ್ವಾರ್ 'ದಿ ರಿವರ್' ಚಿತ್ರಕ್ಕೆ ಜಾಗ ಹುಡುಕಲು ಕಲ್ಕತ್ತೆಗೆ ಬಂದರು. ರೇ ಅವರ ಜೊತೆ ಓಡಾಡಿದರು. ತಮ್ಮ ಮನಸ್ಸಿನಲ್ಲಿದ್ದ ಕಥೆಯನ್ನೂ ಹೇಳಿಕೊಂಡರು. ರೆನ್ವಾರ್ ಹುರಿದುಂಬಿಸಿದರು. ಮರುವರ್ಷ ಕಂಪನಿಯೇ ರೇ ಅವರನ್ನು ಕೆಲ ತಿಂಗಳ ಮಟ್ಟಿಗೆ ಲಂಡನ್ನಿಗೆ ಕಳಿಸಿತು. ಹಗಲು ಆಫೀಸು, ಸಂಜೆ ಸಿನಿಮಾ. ನೂರರ ಹತ್ತಿರ ಸಿನಿಮಾ ನೋಡಿದರು. ಅದರಲ್ಲೊಂದು ಇಟಲಿಯ 'ಬೈಸಿಕಲ್ ಥೀವ್ಸ್'. ಸ್ಟುಡಿಯೋ ಸೆಟ್ ಇಲ್ಲದೆ, ಹೆಸರಾಂತ ನಟರಿಲ್ಲದೆ, ನಿಜವಾದ ಬೀದಿಯಲ್ಲೇ ಸಿನಿಮಾ ತೆಗೆಯಬಹುದು ಎಂಬುದಕ್ಕೆ ಪುರಾವೆ ಸಿಕ್ಕಿತು. ವಾಪಸ್ ಬರುವ ಹಡಗಿನಲ್ಲಿ ಕುಳಿತು 'ಪಥೇರ್ ಪಾಂಚಾಲಿ'ಯ ರೂಪುರೇಷೆ ಬರೆದರು.

ಇನ್ನು ಮೇಲೆ ಕಥೆ ಸಲೀಸು ಅಂದುಕೊಳ್ಳಬೇಡಿ. ಅಸಲಿ ಪರೀಕ್ಷೆ ಶುರುವಾದದ್ದೇ ಆಮೇಲೆ.

ಸಿನಿಮಾದ ದೃಶ್ಯಗಳನ್ನೆಲ್ಲ ಚಿತ್ರ ಬರೆದ ಪುಸ್ತಕ ಹಿಡಿದು ರೇ ನಿರ್ಮಾಪಕರ ಬಾಗಿಲು ತಟ್ಟಿದರು. ಹಾಡಿಲ್ಲ, ಕುಣಿತವಿಲ್ಲ, ಸ್ಟಾರ್ ಇಲ್ಲ, ನಿರ್ದೇಶಕನಿಗೆ ಅನುಭವವಿಲ್ಲ. ಯಾರು ದುಡ್ಡು ಹಾಕುತ್ತಾರೆ? ಕೊನೆಗೆ ವಿಮಾ ಪಾಲಿಸಿಯ ಮೇಲೆ ಸಾಲ ತೆಗೆದರು. ನೆಂಟರಿಷ್ಟರ ಬಳಿ ಕೈಗಡ ಮಾಡಿದರು. 1952ರ ಅಕ್ಟೋಬರ್ ಕೊನೆಯಲ್ಲಿ ಕ್ಯಾಮೆರಾ ಬಾಡಿಗೆಗೆ ತಂದು ಶೂಟಿಂಗ್ ಶುರು ಮಾಡಿದರು. ಛಾಯಾಗ್ರಾಹಕ ಸುಬ್ರತ ಮಿತ್ರ ಅವರಿಗೆ ಸುಮಾರು 21 ವರ್ಷ, ಅದಕ್ಕೂ ಮೊದಲು ಸಿನಿಮಾ ಕ್ಯಾಮೆರಾ ನಡೆಸಿದವರಲ್ಲ. ಅಪು ಪಾತ್ರದ ಹುಡುಗ ಪಕ್ಕದ ಮನೆ ತಾರಸಿಯ ಮೇಲೆ ಆಡುತ್ತಿದ್ದಾಗ ರೇ ಅವರ ಪತ್ನಿ ಬಿಜೋಯಾ ಕಣ್ಣಿಗೆ ಬಿದ್ದವನು.

ರೇ ಕೆಲಸ ಬಿಟ್ಟಿರಲಿಲ್ಲ. ಸಂಬಳ ನಿಂತರೆ ಮನೆ ನಡೆಯುವುದು ಹೇಗೆ? ಹಾಗಾಗಿ ಶೂಟಿಂಗ್ ಭಾನುವಾರ, ಇಲ್ಲವೇ ರಜೆಯ ದಿನ. ಮೊದಲು ಆರಿಸಿಕೊಂಡದ್ದು ಅಪು, ದುರ್ಗಾ ಬಿಳಿ ಹೂ ಬಿಟ್ಟ ಎತ್ತರದ ಕಾಶ ಹುಲ್ಲಿನ ನಡುವೆ ಓಡಿ ರೈಲು ನೋಡುವ ದೃಶ್ಯ. ಒಂದು ದಿನದ ಕೆಲಸ ಮುಗಿಯಿತು. ಮುಂದಿನ ಭಾನುವಾರ ಹೋಗಿ ನೋಡಿದರೆ ಬಯಲು ಬೋಳು! ಹೂವನ್ನೆಲ್ಲ ದನಗಳು ಮೇಯ್ದು ಹಾಕಿದ್ದವು. ಮತ್ತೆ ಹೂ ಬಿಡಬೇಕಾದರೆ ಒಂದು ವರ್ಷ ಕಾಯಬೇಕು. ಕಾದರು. ಇವತ್ತು ಜಗತ್ತಿನ ಸಿನಿಮಾ ಪುಸ್ತಕಗಳಲ್ಲೆಲ್ಲ ಅಚ್ಚಾಗುವ ಆ ದೃಶ್ಯದ ನಡುವೆ ಒಂದು ವರ್ಷದ ಕಾಯುವಿಕೆ ಅಡಗಿದೆ.

ದುಡ್ಡು ಮುಗಿಯಿತು. ಒಬ್ಬ ನಿರ್ಮಾಪಕರು ಸ್ವಲ್ಪ ಕೊಟ್ಟು, ಅವರದೇ ಚಿತ್ರಗಳು ಸೋತು, ಕೈಚೆಲ್ಲಿದರು. ರೇ ಪುಸ್ತಕ ಮಾರಿದರು, ಪ್ರೀತಿಯಿಂದ ಕೂಡಿಟ್ಟ ಪಾಶ್ಚಾತ್ಯ ಸಂಗೀತದ ರೆಕಾರ್ಡುಗಳನ್ನು ಮಾರಿದರು. ಬಿಜೋಯಾ ಅವರ ಒಡವೆ ಗಿರವಿ ಅಂಗಡಿ ಸೇರಿತು. ಆದರೂ ಶೂಟಿಂಗ್ ತಿಂಗಳುಗಟ್ಟಲೆ ನಿಂತೇಹೋಯಿತು. ಈ ಹೊತ್ತಿನಲ್ಲಿ ಮೂರು ಭಯ ಅವರನ್ನು ಕಾಡುತ್ತಿತ್ತಂತೆ. ಅಪು ಪಾತ್ರದ ಹುಡುಗನ ದನಿ ಒಡೆದರೆ? ದುರ್ಗಾ ಪಾತ್ರದ ಹುಡುಗಿ ಬೆಳೆದುಬಿಟ್ಟರೆ? ಮುದುಕಿ ಪಾತ್ರದ ಚುನಿಬಾಲಾ ದೇವಿ ತೀರಿಕೊಂಡರೆ? ಚುನಿಬಾಲಾ ಅವರಿಗೆ ಆಗ 80ರ ಆಸುಪಾಸು. ಎಂದೋ ರಂಗಭೂಮಿಯಲ್ಲಿದ್ದು ಎಲ್ಲರೂ ಮರೆತ ನಟಿ. ಮೂರರಲ್ಲಿ ಒಂದೂ ಆಗಲಿಲ್ಲ. ಆದರೆ ಚುನಿಬಾಲಾ ಸಿನಿಮಾ ಬಿಡುಗಡೆಯಾಗುವ ಮೊದಲೇ ಕಣ್ಣುಮುಚ್ಚಿದರು. ಇಡೀ ಚಿತ್ರದಲ್ಲಿ ಅತ್ಯಂತ ಸಹಜ ನಟನೆ ಅವರದೇ ಅಂತ ನನ್ನ ಅನಿಸಿಕೆ.

ಕೊನೆಗೆ ತಾಯಿಯ ಪರಿಚಯದವರ ಮೂಲಕ ವಿಷಯ ಮುಖ್ಯಮಂತ್ರಿ ಬಿಧಾನ್ ಚಂದ್ರ ರಾಯ್ ಅವರವರೆಗೆ ಹೋಯಿತು. ಪಶ್ಚಿಮ ಬಂಗಾಳ ಸರ್ಕಾರ ಕಂತುಗಳಲ್ಲಿ ಹಣ ಕೊಡಲು ಒಪ್ಪಿತು. ಹೆಸರಿನಲ್ಲಿ ದಾರಿ ಇದೆಯಲ್ಲ, ಹಾಗಾಗಿ ಅದು ರಸ್ತೆ, ಗ್ರಾಮಾಭಿವೃದ್ಧಿಯ ಚಿತ್ರ ಎಂದು ಕಡತ ಮುಂದೆ ಸರಿಯಿತು ಎಂಬ ತಮಾಷೆ ಇಂದಿಗೂ ಚಾಲ್ತಿಯಲ್ಲಿದೆ. ಕೊನೆಯಲ್ಲಿ ಆ ಕುಟುಂಬ ಊರು ಬಿಡುವ ಬದಲು ಅಲ್ಲೇ ಉಳಿದು ಊರನ್ನು ಉದ್ಧಾರ ಮಾಡುವಂತೆ ತೋರಿಸಬಾರದೇ ಎಂಬ ಸಲಹೆಯೂ ಬಂತು. ರೇ ಬಗ್ಗಲಿಲ್ಲ. ದುಡ್ಡಿಲ್ಲದೆ ಕೂತವನಿಗೆ ದುಡ್ಡು ಕೊಡುವವರ ಮಾತು ತಳ್ಳಿಹಾಕುವುದು ಎಷ್ಟು ಕಷ್ಟ ಎಂಬುದು ಇಂಟರ್‌ವ್ಯೂನಲ್ಲಿ ತಲೆಯಾಡಿಸಿ ಬಂದ ನಮಗೆಲ್ಲ ಗೊತ್ತು.

ಅಷ್ಟರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಿಂದ ಕರೆ ಬಂದಿತ್ತು. ಸಂಕಲನ ಮುಗಿಸಲು ತಂಡ ಹಗಲುರಾತ್ರಿ ದುಡಿಯಿತು. ಪಂಡಿತ್ ರವಿಶಂಕರ್ ಚಿತ್ರದ ಒಂದು ಭಾಗ ಮಾತ್ರ ನೋಡಿ, ಒಂದೇ ಬೈಠಕ್ಕಿನಲ್ಲಿ ಸಂಗೀತ ಮುಗಿಸಿಕೊಟ್ಟರು. 1955ರ ಮೇ 3ರಂದು ನ್ಯೂಯಾರ್ಕಿನಲ್ಲಿ, ಸಬ್‌ಟೈಟಲ್ ಕೂಡ ಇಲ್ಲದೆ ಮೊದಲ ಪ್ರದರ್ಶನ ನಡೆಯಿತು. ಭಾಷೆ ಬಾರದ ಜನ ಮೆಚ್ಚಿದರು.

ಊರಿನಲ್ಲಿ? ರೇ ಅವರ ಸ್ವಂತ ವೃತ್ತಿಬಳಗದವರಾದ ಕಲ್ಕತ್ತೆಯ ಜಾಹೀರಾತು ಮಂದಿಗೆ ಮೊದಲು ತೋರಿಸಿದಾಗ ಪ್ರತಿಕ್ರಿಯೆ ತಣ್ಣಗಿತ್ತು. ಆಗಸ್ಟ್ 26ರಂದು ಬಸುಶ್ರೀ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ಮೊದಮೊದಲು ಜನವೇ ಇಲ್ಲ. ಆಮೇಲೆ ನೋಡಿದವರು ಇನ್ನೊಬ್ಬರಿಗೆ ಹೇಳಿದರು. ಒಂದೆರಡು ವಾರದಲ್ಲಿ ಟಿಕೆಟ್ ಸಿಗದಂತಾಯಿತು. ಅಷ್ಟು ಹೊತ್ತಿಗೆ ಆ ಚಿತ್ರಮಂದಿರ 'ಇನ್ಸಾನಿಯತ್' ಎಂಬ ಹಿಂದಿ ಚಿತ್ರಕ್ಕೆ ಮೊದಲೇ ಬುಕ್ ಆಗಿದ್ದರಿಂದ ತುಂಬಿದ ಮನೆಯನ್ನೇ ಬಿಟ್ಟು ಬೇರೆಡೆಗೆ ಹೋಗಬೇಕಾಯಿತು. ಅಲ್ಲೂ ವಾರಗಟ್ಟಲೆ ಓಡಿತು. ಆ ವರ್ಷದ ರಾಷ್ಟ್ರೀಯ ಪ್ರಶಸ್ತಿ ಬಂತು.

1956ರಲ್ಲಿ ಕಾನ್ ಚಿತ್ರೋತ್ಸವ. ಅಲ್ಲೂ ಅದೇ ಕಥೆ. ಮೊದಲ ಪ್ರದರ್ಶನಕ್ಕೆ ತೀರ್ಪುಗಾರರಲ್ಲೇ ಹಲವರು ಬರಲಿಲ್ಲ. ಕೆಲವು ವಿಮರ್ಶಕರು ಪಟ್ಟು ಹಿಡಿದು ಮತ್ತೊಮ್ಮೆ ತೋರಿಸುವಂತೆ ಮಾಡಿದರು. ಶ್ರೇಷ್ಠ ಮಾನವೀಯ ದಾಖಲೆ ಎಂಬ ಪ್ರಶಸ್ತಿ ಸಿಕ್ಕಿತು. ಮುಂದೆ ಪ್ರಸಿದ್ಧ ನಿರ್ದೇಶಕರಾದ ಫ್ರಾನ್ಸಿನ ತ್ರುಫೋ ಆಗ ವಿಮರ್ಶಕರಾಗಿದ್ದರು. ಕೈಯಲ್ಲಿ ಊಟ ಮಾಡುವ ರೈತರ ಸಿನಿಮಾ ತನಗೆ ಬೇಡ ಎಂದು ಅವರು ಎದ್ದು ಹೋದರೆಂಬ ಮಾತಿದೆ. ನ್ಯೂಯಾರ್ಕಿನ ದೊಡ್ಡ ಪತ್ರಿಕೆಯ ವಿಮರ್ಶೆಯೂ ಹಿತವಾಗಿರಲಿಲ್ಲ. ಆದರೂ 1958ರಲ್ಲಿ ಅಲ್ಲಿ ಬಿಡುಗಡೆಯಾಗಿ ತಿಂಗಳುಗಟ್ಟಲೆ ಓಡಿತು. ಭಾರತದ ಬಡತನವನ್ನು ಹೊರದೇಶಕ್ಕೆ ತೋರಿಸಿ ಹೆಸರು ಮಾಡಿದರೆಂಬ ಆರೋಪ ಮಾತ್ರ ರೇ ಬೆನ್ನು ಬಿಡಲಿಲ್ಲ. 1980ರಲ್ಲಿ ರಾಜ್ಯಸಭೆಯ ಸದಸ್ಯೆಯಾಗಿದ್ದ ನಟಿ ನರ್ಗೀಸ್ ಕೂಡ ಅದನ್ನೇ ಹೇಳಿದರು.

ಈ ಆರೋಪದ ಬಗ್ಗೆ ನನಗೊಂದು ಮಾತು ಹೇಳಬೇಕು. ನಾನು ಸಿನಿಮಾ ನೋಡಿದ್ದು ಗೆಳೆಯನ ರೂಮಿನಲ್ಲಿ, ಲ್ಯಾಪ್‌ಟಾಪಿನಲ್ಲಿ. ನಾಲ್ವರು ಕೂತಿದ್ದೆವು. ಅರ್ಧಕ್ಕೆ ಇಬ್ಬರು ಬಹಳ ನಿಧಾನ ಅಂತ ಎದ್ದರು. ಉಳಿದ ನಾವಿಬ್ಬರು ಕೊನೆಯವರೆಗೆ ಮಾತಾಡಲಿಲ್ಲ. ನಮಗೆ ಅಲ್ಲಿ ಕಂಡದ್ದು ಬಡತನದ ಪ್ರದರ್ಶನ ಅಲ್ಲ. ಬರಬೇಕಾದ ಸಂಬಳ ಮೂರು ತಿಂಗಳಾದರೂ ಬಾರದಿದ್ದಾಗ ಕೇಳಲು ಹಿಂಜರಿಯುವ ಹರಿಹರ ಕಂಡ. ಕೆಲಸ ಹುಡುಕಿ ಪಟ್ಟಣಕ್ಕೆ ಹೋದವನಿಂದ ಕಾಗದ ಬಾರದೆ ಮನೆಯ ಪಾತ್ರೆ ಮಾರುವ ಸರ್ಬಜಯಾ ಕಂಡಳು. ತಮ್ಮನಿಗೆ ಸಿಗುವ ಓದು ತನಗಿಲ್ಲದ ದುರ್ಗಾ ಕಂಡಳು. ಆಕೆ ಮಳೆಯಲ್ಲಿ ನೆನೆದು ಜ್ವರ ಬಂದು ಸಾಯುತ್ತಾಳೆ. ಏನೂ ಗೊತ್ತಿಲ್ಲದ ಅಪ್ಪ ಸೀರೆ ತಂದು ಮಗಳನ್ನು ಕರೆಯುತ್ತಾನೆ. ಆಗ ತಾಯಿಯ ಅಳು ನಮಗೆ ಕೇಳಿಸುವುದಿಲ್ಲ. ಅದರ ಜಾಗದಲ್ಲಿ ತಾರ್ ಶಹನಾಯಿಯ ದನಿ ಇದೆ. ನನ್ನ ಪಕ್ಕ ಕೂತವನು ಆಗ ಮುಖ ಆಚೆ ತಿರುಗಿಸಿಕೊಂಡ. ಈ ಮನೆ ನಮಗೆ ಗೊತ್ತಿರುವ ಮನೆ. ಅದನ್ನು ಯಾರೋ ಗೌರವದಿಂದ ನೋಡಿದ್ದಾರೆ ಅನ್ನಿಸಿತು.

ರೇ ಆ ಮೇಲೆ ಕೆಲಸ ಬಿಟ್ಟು ಪೂರ್ಣಾವಧಿ ಸಿನಿಮಾಕ್ಕೆ ಬಂದರು. ಅಪುವಿನ ಕಥೆ ಮುಂದುವರಿಸಿ 'ಅಪರಾಜಿತೋ' ಮಾಡಿದರು. ಅದು ಕಲ್ಕತ್ತೆಯಲ್ಲಿ ಸೋತಿತು, 1957ರಲ್ಲಿ ವೆನಿಸ್ಸಿನ ಗೋಲ್ಡನ್ ಲಯನ್ ಗೆದ್ದಿತು. 1959ರಲ್ಲಿ 'ಅಪುರ್ ಸಂಸಾರ್' ಬಂತು. ಒಟ್ಟು 36 ಚಿತ್ರ. 1961ರಲ್ಲಿ ತಾತನ 'ಸಂದೇಶ್' ಪತ್ರಿಕೆಗೆ ಮತ್ತೆ ಜೀವ ಕೊಟ್ಟರು. ಫೆಲೂದಾ ಪತ್ತೇದಾರಿ ಕಥೆಗಳನ್ನು ಬರೆದರು. ತಮ್ಮ ಚಿತ್ರಗಳ ಸಂಗೀತ, ಪೋಸ್ಟರ್ ಎಲ್ಲ ತಾವೇ ಮಾಡಿಕೊಂಡರು. ಜಾಹೀರಾತು ಕಂಪನಿಯ ಕೆಲಸ ಇಲ್ಲೂ ಉಪಯೋಗಕ್ಕೆ ಬಂತು! ಅವರು ಶುರು ಮಾಡಿದ ಫಿಲ್ಮ್ ಸೊಸೈಟಿಯ ಹಾದಿ ದೇಶದ ತುಂಬ ಹರಡಿತು. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸುಚಿತ್ರಾ, ಹಳ್ಳಿಗಳಿಗೂ ಜಗತ್ತಿನ ಸಿನಿಮಾ ಒಯ್ದ ಹೆಗ್ಗೋಡಿನ ನೀನಾಸಂ ಚಿತ್ರಸಮಾಜ ಅದೇ ಚಳವಳಿಯ ಕೂಸುಗಳು. 1983ರಲ್ಲಿ ಹೃದಯಾಘಾತವಾದ ಮೇಲೆ ರೇ ಅವರ ಓಡಾಟ ಕಡಿಮೆಯಾಯಿತು. ಆಸ್ಕರ್ ಗೌರವವನ್ನು ಆಸ್ಪತ್ರೆಯ ಹಾಸಿಗೆಯಲ್ಲೇ ಸ್ವೀಕರಿಸಿದರು. 1992ರ ಏಪ್ರಿಲ್ 23ರಂದು ತೀರಿಕೊಂಡರು.

ಈ ಬದುಕನ್ನು ಓದಿ ಕೆಲಸ ಬಿಟ್ಟು ಕನಸಿನ ಬೆನ್ನು ಹತ್ತಿ ಎಂದು ನಾನು ಹೇಳಲಾರೆ. ರೇ ಹಾಗೆ ಮಾಡಲಿಲ್ಲ. ಸಂಬಳ ಬಿಡಲಿಲ್ಲ, ಭಾನುವಾರವನ್ನೂ ಬಿಡಲಿಲ್ಲ. ಅಷ್ಟೇ ನಿಜವಾದ ಇನ್ನೊಂದು ಸಂಗತಿಯೂ ಇದೆ. ಅವರಿಗೆ ಮನೆತನದ ಪುಸ್ತಕಗಳಿದ್ದವು, ಒಡವೆ ಬಿಚ್ಚಿಕೊಟ್ಟ ಹೆಂಡತಿ ಇದ್ದರು, ಮುಖ್ಯಮಂತ್ರಿಯವರೆಗೆ ತಲುಪುವ ದಾರಿ ಇತ್ತು. ನಮ್ಮಲ್ಲಿ ಬಹಳ ಜನಕ್ಕೆ ಇವು ಇಲ್ಲ. ಕಾದವರಿಗೆಲ್ಲ ಹೂ ಮತ್ತೆ ಬಿಡುತ್ತದೆ ಎಂಬ ಗ್ಯಾರಂಟಿಯೂ ಇಲ್ಲ. ಆದರೆ ಕಾಯುವ ವರ್ಷಗಳು ಖಾಲಿ ವರ್ಷಗಳಾಗಬೇಕಿಲ್ಲ ಎಂಬುದಂತೂ ಅವರಿಂದ ನನಗೆ ಸಿಕ್ಕಿತು. ಈಗ ಯಾರಾದರೂ ಏನು ಮಾಡುತ್ತಿದ್ದೀಯಾ ಅಂತ ಕೇಳಿದರೆ ಓದುತ್ತಿದ್ದೇನೆ, ಡಿಸೈನ್ ಕಲಿಯುತ್ತಿದ್ದೇನೆ ಎಂದು ತಲೆ ಎತ್ತಿ ಹೇಳುತ್ತೇನೆ. ಅಕ್ಕನ ಬಾಕಿ ನನ್ನ ಮೇಲಿದೆ. ಅವಳು ದೂರಶಿಕ್ಷಣದಲ್ಲಿ ಡಿಗ್ರಿಗೆ ಸೇರಲು ಈ ವರ್ಷ ಅರ್ಜಿ ಹಾಕಿದ್ದಾಳೆ. ಫೀಸು ನನ್ನ ಸಂಬಳದ್ದು.

1993ರಲ್ಲಿ ಲಂಡನ್ನಿನ ಲ್ಯಾಬ್ ಒಂದಕ್ಕೆ ಬೆಂಕಿ ಬಿದ್ದು ಈ ಚಿತ್ರದ ಮೂಲ ನೆಗೆಟಿವ್ ಸುಟ್ಟಿತು. ವರ್ಷಗಳ ನಂತರ ಇಟಲಿಯ ಬೊಲೊನ್ಯಾದಲ್ಲಿ ಉಳಿದ ರೀಲುಗಳನ್ನು ಒಂದೊಂದೇ ಚೌಕಟ್ಟಾಗಿ ಸರಿಪಡಿಸಿ, 2015ರಲ್ಲಿ ಹೊಸ ಪ್ರತಿ ಹೊರತಂದರು. ಅದನ್ನೇ ಹುಡುಕಿ ನೋಡಿ. ಎಲ್ಲರೂ ರೈಲಿನ ದೃಶ್ಯಕ್ಕೆ ಕಾಯುತ್ತಾರೆ. ನೀವು ಇನ್ನೊಂದಕ್ಕೂ ಕಾಯಿರಿ. ಅಕ್ಕ ಹೋದ ಮೇಲೆ ಒಂದು ಬೆಳಿಗ್ಗೆ ಅಪು ತಾನೇ ಹಲ್ಲುಜ್ಜಿ, ತಾನೇ ತಲೆ ಬಾಚಿ, ಶಾಲು ಹೊದ್ದು ಹೊರಡುತ್ತಾನೆ. ಆಕಾಶ ನೋಡುತ್ತಾನೆ, ಮೋಡ ಕವಿದಿದೆ. ಒಳಗೆ ಹೋಗಿ ಕೊಡೆ ತೆಗೆದುಕೊಂಡು ಬರುತ್ತಾನೆ. ಮಾತಿಲ್ಲ. ಹುಡುಗ ದೊಡ್ಡವನಾದದ್ದು ಆ ಗಳಿಗೆಯಲ್ಲೇ.